ಮನೆಯ ಯಂತ್ರಗಳು: ಹೋದ ಎಣ್ಣೆ ಹಿಂದಿರುಗಿತೇ?

ಕಳೆದ ಸಂಚಿಕೆಯಲ್ಲಿ ಹೊಲಿಗೆಯಂತ್ರವನ್ನು ಕುರಿತು ನಾವು ಬರೆದದ್ದನ್ನು ಓದಿ ಹಲವರು ಕಾಗದ ಬರೆದಿದ್ದಾರೆ. ಅವರಿಗೆಲ್ಲ ನಮ್ಮ ವಂದನೆಗಳು. ಆ ಕಾಗದಗಳಲ್ಲಿ ಮೂರು ಮಾತ್ರ ಹೊಲಿಗೆಯಂತ್ರದ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸಿ, ಉಳಿದ ಪುಟಗಳಲ್ಲೆಲ್ಲ ಬೇರೊಂದು ಯಂತ್ರದ ವಿಚಾರ ಕೇಳಿವೆ. ತಂದೆಯವರ ಕಾಲದ ಬುಲೆಟ್ ಮೋಟಾರು ಸೈಕಲ್ಲು ಊರಿನ ಮನೆಯಲ್ಲಿ ನಿಂತಿದೆ, ಮನೆ ಮಾರುವ ಮಾತು ನಡೆದಿದೆ, ಗುಜರಿಯವನು ಎರಡು ಸಲ ಬಂದು ನೋಡಿಹೋಗಿದ್ದಾನೆ. ಅದನ್ನು ಇಲ್ಲಿಗೆ ತರಿಸಿಕೊಂಡು ಓಡುವಂತೆ ಮಾಡಬಹುದೇ ಎಂಬುದು ಅವುಗಳ ತಾತ್ಪರ್ಯ.

ಮಾಡಬಹುದು, ಸಂಶಯವಿಲ್ಲ. ಪರವೂರಿಗೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಊರಿನಿಂದ ತಂದ ವಸ್ತು ಒಂದಿಲ್ಲೊಂದು ಇದ್ದೇ ಇರುತ್ತದೆ. ಒಬ್ಬರಲ್ಲಿ ಹಿತ್ತಾಳೆಯ ಹಂಡೆ, ಇನ್ನೊಬ್ಬರಲ್ಲಿ ಒರಳುಕಲ್ಲು, ಮತ್ತೊಬ್ಬರಲ್ಲಿ ಅಜ್ಜಿಯ ಕಾಲದ ತೊಟ್ಟಿಲು. ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಳಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಮೋಟಾರು ಸೈಕಲ್ಲು ಹಾಗಲ್ಲ. ಹೊರಗೆ ಎಷ್ಟೇ ಬೆಳಗಿದರೂ ಒಳಗೆ ಎಣ್ಣೆ ಹರಿಯದಿದ್ದರೆ ಅದು ಅರ್ಧ ತಾಸಿನಲ್ಲಿ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಆದುದರಿಂದ ಈ ಸಲದ ನಮ್ಮ ಮಾತೆಲ್ಲ ಎಣ್ಣೆಯೊಂದನ್ನೇ ಕುರಿತದ್ದು. ಬಣ್ಣ, ಸೀಟು, ದೀಪ, ಹೊಳಪು, ಇವೆಲ್ಲ ಕಾಯಬಲ್ಲವು. ಎಣ್ಣೆಯ ದಾರಿಯನ್ನು ಕೊನೆಯವರೆಗೆ ನೋಡಿ ಖಚಿತಮಾಡಿಕೊಳ್ಳುವ ತನಕ ಕಿಕ್ಕರಿಗೆ ಕಾಲು ತಾಗಿಸಬಾರದು. ಈ ಲೇಖನದಲ್ಲಿ ಇದೊಂದು ಮಾತು ನೆನಪಿನಲ್ಲಿ ಉಳಿದರೆ ನಮ್ಮ ಶ್ರಮ ಸಾರ್ಥಕ.

ಯಂತ್ರದ ಪೂರ್ವಚರಿತ್ರೆ

ಬುಲೆಟ್ಟು ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್ ಎಂಬ ಊರಿನಲ್ಲಿ. ಹೊಲಿಗೆಯ ಸೂಜಿಗಳಿಗೆ ಹೆಸರಾಗಿದ್ದ ಊರು ಅದು. ಕಳೆದ ಸಂಚಿಕೆಯ ವಿಷಯಕ್ಕೂ ಇಂದಿನದಕ್ಕೂ ಅಷ್ಟರಮಟ್ಟಿಗೆ ನಂಟುಂಟು. ರಾಯಲ್ ಎನ್‌ಫೀಲ್ಡ್ ಹೆಸರಿನ ಮೊದಲ ಮೋಟಾರು ಸೈಕಲ್ಲು 1901ರಲ್ಲಿ ಹೊರಬಂತು. ಬುಲೆಟ್ ಎಂಬ ಹೆಸರು ಕೇಳಿಬಂದದ್ದು 1932ರ ಕೊನೆಯಲ್ಲಿ. ನಮ್ಮ ತಂದೆ ತಾತಂದಿರು ಬಲ್ಲ ಬುಲೆಟ್ಟು, ಎಂದರೆ ಹಿಂದಿನ ಗಾಲಿಗೂ ಸ್ಪ್ರಿಂಗಿನ ಆಧಾರವುಳ್ಳ 346 ಸಿ.ಸಿ. ಗಾಡಿ, 1949ರ ಸುಮಾರಿಗೆ ಮಾರಾಟಕ್ಕೆ ಬಂತು. ಒಂದೇ ಸಿಲಿಂಡರು. ಅದರ ಒಳ ಅಗಲ 70 ಮಿಲಿಮೀಟರು, ಪಿಸ್ಟನ್ನು ಏರಿಳಿಯುವ ದೂರ 90 ಮಿಲಿಮೀಟರು.

ನಮ್ಮ ಸೈನ್ಯಕ್ಕೆ ಈ ಗಾಡಿ ಒಪ್ಪಿಗೆಯಾದ ಮೇಲೆ, 1955ರಲ್ಲಿ ರೆಡಿಚ್ಚಿನ ಕಂಪನಿಯೂ ಆಗಿನ ಮದರಾಸಿನ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ ಕೂಡಿ ಎನ್‌ಫೀಲ್ಡ್ ಇಂಡಿಯಾವನ್ನು ಕಟ್ಟಿದವು. ತಿರುವೊಟ್ರಿಯೂರಿನ ಕಾರ್ಖಾನೆಯಲ್ಲಿ ಮೊದಲು ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ಜೋಡಿಸುತ್ತಿದ್ದರು. ಬರಬರುತ್ತ ಭಾಗಗಳೂ ಇಲ್ಲಿಯೇ ಆದವು. ರೆಡಿಚ್ಚಿನ ಕಾರ್ಖಾನೆ 1967ರಲ್ಲಿ ಮುಚ್ಚಿತು. ತವರಿನ ಒಲೆ ಆರಿದರೂ ಪರವೂರಿನ ಒಲೆ ಉರಿಯುತ್ತಲೇ ಇತ್ತು. ಅದೇ ನಕ್ಷೆಯ ಎಂಜಿನ್ನು ಮದರಾಸಿನಲ್ಲಿ ಇನ್ನೂ ಹಲವು ದಶಕ ತಯಾರಾಯಿತು.

ಇದರಿಂದ ನಮಗೆ ದೊಡ್ಡ ಉಪಕಾರವಾಗಿದೆ. ಬ್ರಿಟನ್ನಿನ ಬೇರೆ ಹಳೆಯ ಗಾಡಿಗಳಿಗೆ ಒಂದು ವಾಶರು ಬೇಕಾದರೂ ಹೊರದೇಶಕ್ಕೆ ಬರೆಯಬೇಕಾದೀತು. ಬುಲೆಟ್ಟಿನ ಸಣ್ಣಪುಟ್ಟ ಭಾಗಗಳನ್ನು ದೆಹಲಿಯ ಕರೋಲ್‌ಬಾಗಿನಲ್ಲೋ ಚೆನ್ನೈಯ ಪುದುಪೇಟೆಯಲ್ಲೋ ಕೇಳಬಹುದು. ಒಂದು ಎಚ್ಚರಿಕೆ: ರೆಡಿಚ್ಚಿನ ಗಾಡಿಯ ಬೋಲ್ಟು ನಟ್ಟುಗಳು ಹಳೆಯ ಬ್ರಿಟಿಷ್ ಅಳತೆಯವು. ಮಿಲಿಮೀಟರಿನ ಸ್ಪ್ಯಾನರು ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಗುಂಡಗಾಗುತ್ತವೆ. ಸರಿಯಾದ ಸ್ಪ್ಯಾನರುಗಳ ಒಂದು ಜೊತೆಯನ್ನು ಮೊದಲೇ ಕೊಳ್ಳುವುದು ಜಾಣತನ.

ಎಣ್ಣೆಯ ಯಾತ್ರೆ

ನಮ್ಮ ಓದುಗರಲ್ಲಿ ಬಹುಮಂದಿ ಇರುವುದು ಹೌಸಿಂಗ್ ಸೊಸೈಟಿಯ ಕಟ್ಟಡಗಳಲ್ಲಿ. ಅಲ್ಲಿ ನೆಲದಡಿ ಒಂದು ಸಂಪು, ಮಾಳಿಗೆಯ ಮೇಲೆ ಒಂದು ತೊಟ್ಟಿ, ನಡುವೆ ಒಂದು ಪಂಪು. ಬುಲೆಟ್ಟಿನ ಎಣ್ಣೆಯ ಏರ್ಪಾಡನ್ನು ತಿಳಿಯಲು ಇಷ್ಟು ಸಾಕು.

ಎಂಜಿನ್ನಿನ ಹಿಂಭಾಗದಲ್ಲಿ, ಅದೇ ಅಲ್ಯೂಮಿನಿಯಂ ಎರಕದೊಳಗೆ, ಎಣ್ಣೆಗೆಂದೇ ಒಂದು ಕೋಣೆಯಿದೆ. ಇದು ತೊಟ್ಟಿ. ಸುಮಾರು ಎರಡೂಕಾಲು ಲೀಟರು ಹಿಡಿಯುತ್ತದೆ. ಮುಂಭಾಗದ ಕೋಣೆಯಲ್ಲಿ ಭಾರವಾದ ಎರಡು ಚಕ್ರಗಳೂ ಅವುಗಳ ನಡುವಿನ ಕ್ರ್ಯಾಂಕೂ ತಿರುಗುತ್ತವೆ. ಆ ಮುಂಗೋಣೆಯ ತಳವೇ ಸಂಪು. ನಮ್ಮ ಕಟ್ಟಡದ ಸಂಪು ತುಂಬಿರಬೇಕು. ಈ ಸಂಪು ಬರಿದಾಗಿರಬೇಕು. ಡ್ರೈ ಸಂಪ್ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ.

ಪಂಪುಗಳು ಎರಡು. ಎರಡೂ ಬಲಮಗ್ಗುಲಿನ ಟೈಮಿಂಗ್ ಮುಚ್ಚಳದಲ್ಲಿವೆ. ಕ್ರ್ಯಾಂಕಿನ ತುದಿಯಲ್ಲಿರುವ ಸುರುಳಿಹಲ್ಲಿನ ವರ್ಮು ಒಂದೇ ದಂಡದ ಮೂಲಕ ಎರಡನ್ನೂ ನಡೆಸುತ್ತದೆ. ಎಂಜಿನ್ನು ಎಷ್ಟೇ ಓಡಲಿ, ಪಂಪುಗಳ ನಡಿಗೆ ಬಹು ನಿಧಾನ. ಮೊದಲನೆಯದು ಕಳಿಸುವ ಪಂಪು. ತೊಟ್ಟಿಯಿಂದ ಎಣ್ಣೆಯನ್ನು ಎಳೆದು, ಫೆಲ್ಟಿನ ಫಿಲ್ಟರಿನ ಮೂಲಕ ಸೋಸಿ, ಕ್ರ್ಯಾಂಕಿನ ಟೊಳ್ಳಾದ ತುದಿಯೊಳಕ್ಕೆ ನೂಕುತ್ತದೆ. ಅಲ್ಲಿಂದ ಅದು ಬಿಗ್ ಎಂಡನ್ನು, ಎಂದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿದಿರುವ ದೊಡ್ಡ ಕೀಲನ್ನು ಸೇರುತ್ತದೆ. ಕೀಲಿನಿಂದ ಚಿಮ್ಮಿ ಸಿಲಿಂಡರಿನ ಗೋಡೆಯನ್ನು ನೆನೆಸಿ ಸಂಪಿಗೆ ಇಳಿಯುತ್ತದೆ.

ಎರಡನೆಯದು ಮರಳಿಸುವ ಪಂಪು. ಸಂಪಿಗೆ ಬಿದ್ದುದನ್ನು ಬಿದ್ದಂತೆಯೇ ಎತ್ತುವುದು ಅದರ ಕೆಲಸ. ಅದು ಎತ್ತುವುದು ಎಣ್ಣೆ ಗಾಳಿ ಎರಡನ್ನೂ. ಆದ್ದರಿಂದಲೇ ಅದರ ಎತ್ತುವ ಶಕ್ತಿಯನ್ನು ಮೊದಲನೆಯದಕ್ಕಿಂತ ಹೆಚ್ಚಾಗಿ ಇಟ್ಟಿದ್ದಾರೆ. ಹೊರಗೆ ಕಾಣುವ ಸಣ್ಣ ಕೊಳವೆಗಳಲ್ಲಿ ತಲೆಯ ಮೇಲಿನ ರಾಕರುಗಳಿಗೆ ಎಣ್ಣೆ ಸಲ್ಲುವುದು ಈ ಮರಳುವ ದಾರಿಯಲ್ಲಿಯೇ. ಕೊನೆಗೆ ಎಲ್ಲವೂ ಹಿಂದಿನ ತೊಟ್ಟಿಯನ್ನು ಸೇರಿದರೆ ಯಾತ್ರೆ ಮುಗಿಯಿತು.

ಇನ್ನು ಇಡೀ ಏರ್ಪಾಡಿನ ಮರ್ಮಸ್ಥಾನ. ಈ ಗಾಡಿಯ ಹಳೆಯ ಮಾದರಿಗಳ ಬಿಗ್ ಎಂಡಿನಲ್ಲಿ ಉರುಳೆಗಳಿಲ್ಲ, ತೇಲುವ ಬುಷ್ಷೊಂದಿದೆ. ಒಳಗೂ ಹೊರಗೂ ಎಣ್ಣೆಯ ತೆಳುಪೊರೆಯ ಮೇಲೆ ಅದು ತೇಲುತ್ತಿರಬೇಕು. ಉರುಳೆಗಳಾದರೆ ಎಣ್ಣೆಯ ಹನಿಗಳಿಂದಲೇ ಒಂದಷ್ಟು ದೂರ ಬದುಕಿಯಾವು. ಈ ಬುಷ್ಷಿಗೆ ನಿಲ್ಲದ ಪೂರೈಕೆ ಬೇಕು. ಮುಚ್ಚಳ ನಿಂತದ್ದು, ಕ್ರ್ಯಾಂಕು ತಿರುಗುವಂಥದ್ದು. ನಿಂತದ್ದರಿಂದ ತಿರುಗುವುದಕ್ಕೆ ಎಣ್ಣೆ ದಾಟಬೇಕಾದ ಆ ಒಂದು ಜಾಗದಲ್ಲಿ, ಅದು ಪಕ್ಕಕ್ಕೆ ಸೋರದಂತೆ ತಡೆಯುವುದು ಬೂಚಿನ ಒಂದು ಪುಟ್ಟ ಬಳೆ. ಹಿಂದೆ ಔಷಧದ ಸೀಸೆಗಳ ಬಾಯಿಗೆ ಹಾಕುತ್ತಿದ್ದರಲ್ಲ, ಅದೇ ಕಾರ್ಕು. ಬಳೆ ಗಟ್ಟಿಯಾಗಿದ್ದರೆ ಎಣ್ಣೆ ಕ್ರ್ಯಾಂಕಿನೊಳಕ್ಕೆ ಹೋಗುತ್ತದೆ. ಬಳೆ ಒಡೆದಿದ್ದರೆ ಸುಲಭದ ದಾರಿ ಹಿಡಿದು ಟೈಮಿಂಗ್ ಗೂಡಿನೊಳಕ್ಕೆ ಸೋರಿಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣದು.

ಪುಣೆಯಿಂದ ಬಂದ ಕಾಗದ

ಈ ಬಳೆಯ ಬೆಲೆಯನ್ನು ಪುಣೆಯ ನಮ್ಮ ಓದುಗ ಕುಟುಂಬವೊಂದು ಕಂಡುಕೊಂಡ ಬಗೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ತಂದೆ ಧಾರವಾಡದ ಕಡೆ ಸರಕಾರಿ ನೌಕರಿಯಲ್ಲಿದ್ದವರು. 1959ರ ಅವರ ಬುಲೆಟ್ಟು, ಅವರು ತೀರಿಕೊಂಡ ಮೇಲೆ, ಹನ್ನೆರಡು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಮಗ ಅದನ್ನು ಲಾರಿಯಲ್ಲಿ ತರಿಸಿ ಬೀದಿಯ ಕೊನೆಯ ಗ್ಯಾರೇಜಿಗೆ ಒಪ್ಪಿಸಿದರು. ಗ್ಯಾರೇಜಿನವರು ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿ, ಕಾರ್ಬ್ಯುರೇಟರು ತೊಳೆದು, ಪ್ಲಗ್ಗು ಬದಲಿಸಿ ಕಿಕ್ಕು ಹೊಡೆದರು. ನಾಲ್ಕನೆಯ ಕಿಕ್ಕಿಗೆ ಗಾಡಿ ಎದ್ದಿತು. ಮನೆಮಂದಿಯೆಲ್ಲ ಕೆಳಗಿಳಿದು ಬಂದರು. ತಾಯಿ ಕುಂಕುಮವಿಟ್ಟು ಆರತಿ ಎತ್ತಿದರು.

ಮುಂದಿನ ಭಾನುವಾರ ಮಗ ಸಿಂಹಗಡದ ಕಡೆಗೆ ಹೊರಟರು. ಖಡಕವಾಸಲಾ ದಾಟುವ ಹೊತ್ತಿಗೆ ಎಂಜಿನ್ನಿನ ಹೊಟ್ಟೆಯಿಂದ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟಿದಂಥ ಸದ್ದು ಬಂತು. ಇನ್ನಷ್ಟು ದೂರ ಹೋಗುವುದರಲ್ಲಿ ಹಿಂದಿನ ಗಾಲಿ ಹಿಡಿದುಕೊಂಡಿತು. ಅವರು ಬೀಳದೆ ಉಳಿದದ್ದು ಪುಣ್ಯ. ಬಿಚ್ಚಿ ನೋಡಿದಾಗ ತೊಟ್ಟಿಯಲ್ಲಿ ಎಣ್ಣೆ ತುಂಬಿತ್ತು. ಬಿಗ್ ಎಂಡಿನ ಬುಷ್ಷು ಕರಗಿ ಹರಿದಿತ್ತು. ಬೂಚಿನ ಬಳೆ ಇರಬೇಕಾದ ಜಾಗದಲ್ಲಿ ಚಿಟಿಕೆಯಷ್ಟು ಕಂದು ಪುಡಿ ಇತ್ತು, ಅಷ್ಟೆ.

ಹೊಸ ಬುಷ್ಷು ಕೂಡಿಸಿ, ಚಕ್ರಗಳನ್ನು ಮತ್ತೆ ಕೂದಲೆಳೆಯ ಅಳತೆಗೆ ನೇರ ಮಾಡಿ ಜೋಡಿಸುವ ಕೆಲಸ ಎಲ್ಲ ಗ್ಯಾರೇಜುಗಳದ್ದಲ್ಲ. ಅದಕ್ಕೆ ತಿಂಗಳುಗಳು ಹಿಡಿದವು, ಹಣವೂ ಹೋಯಿತು. ತಾಯಿ ಆಡಿದ ಮಾತನ್ನು ಮಗ ಕಾಗದದಲ್ಲಿ ಬರೆದಿದ್ದಾರೆ: "ಅವರು ಇದ್ದಿದ್ರ ಇಷ್ಟು ಅವಸರ ಮಾಡ್ತಿರಲಿಲ್ಲ." ಇದಕ್ಕಿಂತ ಹೆಚ್ಚಿನ ಉಪದೇಶ ನಮ್ಮಲ್ಲಿಲ್ಲ.

ಕಿಕ್ಕಿಗೆ ಮೊದಲು ಐದು ಕೆಲಸ

ಒಂದು. ತೊಟ್ಟಿಗೂ ಸಂಪಿಗೂ ಕೆಳಗೆ ಬೇರೆ ಬೇರೆ ಸ್ಕ್ರೂ ಬಿರಡೆಗಳಿವೆ. ಎರಡನ್ನೂ ಬಿಚ್ಚಿ ಎಣ್ಣೆಯನ್ನು ಬೇರೆ ಬೇರೆ ಡಬ್ಬಿಗಳಿಗೆ ಇಳಿಸಿರಿ. ಚೆಲ್ಲುವ ಮೊದಲು ನೋಡಿರಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಬೆರಳಿಗೆ ಹೊಳೆಯುವ ಪುಡಿ ಹತ್ತಿದರೆ ಒಳಗೆ ಯಾವುದೋ ಭಾಗ ಸವೆದಿದೆ. ಅಂಥ ಎಂಜಿನ್ನನ್ನು ಪೂರ್ತಿ ಬಿಚ್ಚದೆ ಗತಿಯಿಲ್ಲ. ಬರಿಯ ಕಪ್ಪು ಕೆಸರಾದರೆ ಗಾಬರಿ ಬೇಡ, ತೊಟ್ಟಿಯನ್ನು ತೊಳೆಯಿರಿ. ಸೀಮೆಎಣ್ಣೆ ಈಗ ಎಲ್ಲೆಡೆಯೂ ಸಿಗದು, ಡೀಸೆಲ್ಲು ಸಾಕು. ಈಗಿನ ಎಣ್ಣೆಗಳಿಗೆ ಕೊಳೆ ತೊಳೆಯುವ ಗುಣ ಹೆಚ್ಚು. ಹಳೆಯ ಕೆಸರನ್ನು ಹಾಗೆಯೇ ಬಿಟ್ಟು ಹೊಸ ಎಣ್ಣೆ ಹೊಯ್ದರೆ ಕೆಸರು ಎದ್ದು ಸಣ್ಣ ರಂಧ್ರಗಳಿಗೆ ಹೊರಟೀತು. ಇಳಿಸಿದ ಎಣ್ಣೆಯನ್ನು ಮೋರಿಗೆ ಚೆಲ್ಲಬಾರದು. ಹಳೆಯ ಎಣ್ಣೆ ಕೂಡಿಸಿಡುವ ಗ್ಯಾರೇಜಿಗೆ ಕೊಡಿರಿ.

ಎರಡು. ಟೈಮಿಂಗ್ ಮುಚ್ಚಳ ಬಿಚ್ಚಿರಿ. ಪಂಪಿನ ಪ್ಲಂಜರು, ಬಿಲ್ಲೆ, ಸ್ಪ್ರಿಂಗು ಒಂದರದು ಇನ್ನೊಂದಕ್ಕೆ ಸೇರಬಾರದು. ಹಳೆಯ ಇಡ್ಲಿ ತಟ್ಟೆಯೊಂದಿದ್ದರೆ ಬಹಳ ಅನುಕೂಲ; ಒಂದೊಂದು ಗುಳಿಯಲ್ಲಿ ಒಂದೊಂದು ಭಾಗವನ್ನು ತೆಗೆದ ಕ್ರಮದಲ್ಲಿಯೇ ಇಡಬಹುದು. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಕ್ರ್ಯಾಂಕಿನ ತುದಿಯ ವರ್ಮನ್ನು ಸುಮ್ಮನೆ ಬಿಚ್ಚುವುದು ಬೇಡ. ಬಿಚ್ಚಲೇಬೇಕಾದರೆ ಅದು ಎಡತಿರುಪಿನದೆಂಬುದು ನೆನಪಿರಲಿ. ರೂಢಿಯ ಕಡೆಗೆ ಬಲ ಹಾಕಿ ಮುರಿದವರು ಬಹಳ.

ಮೂರು. ಬೂಚಿನ ಬಳೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿರಿ. ಹೊಸದನ್ನು ಎಣ್ಣೆಯಲ್ಲಿ ನೆನೆಸಿ ಕೂಡಿಸಬೇಕು. ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿದು ಬಿಟ್ಟಾಗ ಅದು ತುಸುವೇ ಹಿಂದಕ್ಕೆ ಚಿಮ್ಮಿದರೆ ಬಳೆಗೆ ಒತ್ತು ಸಿಕ್ಕಿದೆ ಎಂದರ್ಥ. ಮುಚ್ಚಳ ಸಲೀಸಾಗಿ ಕುಳಿತರೆ ಬಳೆ ತೆಳುವಾಯಿತು. ಇದಕ್ಕೂ ಮೊದಲು ಒಂದು ಕೆಲಸ ಮರೆಯಬೇಡಿರಿ. ಕ್ರ್ಯಾಂಕಿನ ತುದಿಯ ರಂಧ್ರಕ್ಕೆ ಎಣ್ಣೆಗಿಂಡಿಯ ಮೂತಿಯಿಟ್ಟು ಹೊಸ ಎಣ್ಣೆಯನ್ನು ನಿಧಾನವಾಗಿ ಒತ್ತಿರಿ. ವರ್ಷಗಟ್ಟಲೆ ಒಣಗಿದ ಬುಷ್ಷಿಗೆ ಮೊದಲ ತುತ್ತು ಅದು.

ನಾಲ್ಕು. ಪ್ರತಿ ಪಂಪಿನಲ್ಲೂ ಒಂದು ಬಿಲ್ಲೆಯಿದೆ. ಪ್ಲಂಜರು ಹಿಂದೆ ಮುಂದೆ ಆಡುವಾಗ ಬಿಲ್ಲೆ ಅತ್ತಿತ್ತ ವಾಲಿ ರಂಧ್ರಗಳನ್ನು ಸರದಿಯಂತೆ ತೆರೆದು ಮುಚ್ಚುತ್ತದೆ. ಬಿಲ್ಲೆಯೂ ಅದರ ಪೀಠವೂ ಕನ್ನಡಿಯಂತೆ ಸಮನಾಗಿರಬೇಕು. ಗೀರುಗಳಿದ್ದರೆ ನುಣುಪಾದ ಗ್ರೈಂಡಿಂಗ್ ಪೇಸ್ಟು ಹಚ್ಚಿ, ಬಿಲ್ಲೆಯನ್ನು ಪೀಠದ ಮೇಲಿಟ್ಟು, ಎರಡರ ಮೇಲೂ ಒಂದೇ ಬಗೆಯ ಮಾಸಲು ಬಣ್ಣ ಬರುವವರೆಗೆ ತಿರುಗಿಸಿ ತೀಡಬೇಕು. ಆಮೇಲೆ ಪೇಸ್ಟಿನ ಕಣವೊಂದೂ ಉಳಿಯದಂತೆ ತೊಳೆಯಬೇಕು. ಗ್ಯಾಸ್ಕೆಟ್ಟಿನ ಮೇಲೆ ಅಂಟು ಮೆತ್ತುವುದು ಈಗಿನವರ ಚಾಳಿ. ಹೊರಗೆ ಉಬ್ಬಿದ ಅಂಟು ಕಾಣುತ್ತದೆ. ಅಷ್ಟೇ ಒಳಗೂ ಉಬ್ಬಿ ಎಣ್ಣೆಯ ರಂಧ್ರವನ್ನು ಮುಚ್ಚಿದ್ದು ಕಾಣುವುದಿಲ್ಲ. ಒಳ್ಳೆಯ ಕಾಗದದ ಗ್ಯಾಸ್ಕೆಟ್ಟಿಗೆ ಅಂಟೇ ಬೇಡ.

ಐದು. ಹೊಸ ಫೆಲ್ಟನ್ನು ಹಾಕಿ ಫಿಲ್ಟರಿನ ಗೂಡನ್ನು ಎಣ್ಣೆಯಿಂದ ತುಂಬಿರಿ. ಪಂಪು ಬರಿಯ ಗಾಳಿಯನ್ನು ಎಳೆಯುತ್ತ ಕೂರಬಾರದು. ತೊಟ್ಟಿಗೆ ಎಣ್ಣೆ ಹೊಯ್ಯಿರಿ. ನಮ್ಮ ದೇಶದ ಹವೆಗೆ 20ಡಬ್ಲ್ಯು-50 ಎಂಬ ದರ್ಜೆ ಒಪ್ಪುತ್ತದೆ. ಈಗ ಪ್ಲಗ್ಗನ್ನು ತೆಗೆದು ಬದಿಗಿಟ್ಟು, ಕಿಕ್ಕರನ್ನು ಕೈಯಿಂದಲೋ ಹಗುರವಾಗಿ ಕಾಲಿನಿಂದಲೋ ಒತ್ತುತ್ತ ಬನ್ನಿರಿ. ಪ್ಲಗ್ಗು ಇಲ್ಲದ್ದರಿಂದ ಎಂಜಿನ್ನು ಏಳದು, ಕೀಲಿಗೆ ಭಾರವೂ ಬೀಳದು. ಪಂಪು ನಿಧಾನಿ, ತಾಳ್ಮೆ ಬೇಕು. ಮನೆಯವರೆಲ್ಲ ಸರದಿಯ ಮೇಲೆ ಒತ್ತಿದರೆ ಆಯಾಸ ತಿಳಿಯುವುದಿಲ್ಲ.

ಮೂರು ಸಾಕ್ಷಿಗಳು

ಎಣ್ಣೆ ಹರಿಯುತ್ತಿದೆ ಎನ್ನಲು ಸಾಮಾನ್ಯವಾಗಿ ಮೂರು ಸಾಕ್ಷಿಗಳನ್ನು ಹೇಳುತ್ತಾರೆ. ಯಾವ ಸಾಕ್ಷಿ ಎಷ್ಟನ್ನು ಮಾತ್ರ ಹೇಳಬಲ್ಲದು ಎಂಬುದನ್ನು ತಿಳಿಯದೆ ಮೋಸಹೋಗುವವರೇ ಹೆಚ್ಚು.

ಮೊದಲನೆಯದು ತೊಟ್ಟಿಯ ಮಟ್ಟ. ತೊಟ್ಟಿ ತುಂಬಿದೆ ಎಂದರೆ ತೊಟ್ಟಿ ತುಂಬಿದೆ ಎಂದಷ್ಟೇ ಅರ್ಥ. ಪುಣೆಯ ಗಾಡಿಯ ತೊಟ್ಟಿಯೂ ತುಂಬಿತ್ತು.

ಎರಡನೆಯದು ತಲೆಯ ಮೇಲಿನ ಸಣ್ಣ ಕೊಳವೆ. ಎಂಜಿನ್ನು ನಡೆಯುತ್ತಿರುವಾಗ ರಾಕರಿನ ಬಳಿ ಅದರ ಬೋಲ್ಟನ್ನು ತುಸು ಸಡಿಲಿಸಿದರೆ ಎಣ್ಣೆ ಒಸರಬೇಕು. ಒಸರಿತೆಂದು ಬಹುಮಂದಿ ಮೆಕ್ಯಾನಿಕ್ಕುಗಳು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ರಾಕರಿಗೆ ಎಣ್ಣೆ ಬರುವುದು ಮರಳುವ ದಾರಿಯಲ್ಲಿ ಎಂದು ಮೇಲೆ ಹೇಳಿದೆವಷ್ಟೆ. ಮರಳಿಸುವ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿ. ಸಂಪಿನಲ್ಲಿ ಮೊದಲೇ ಎಣ್ಣೆ ಸೇರಿದ್ದರೆ, ಬಿಗ್ ಎಂಡಿಗೆ ಒಂದು ಹನಿಯೂ ಹೋಗದಿದ್ದಾಗಲೂ ಇಲ್ಲಿ ಎಣ್ಣೆ ಒಸರೀತು.

ಮೂರನೆಯದು ಟೈಮಿಂಗ್ ಮುಚ್ಚಳದ ಮೇಲಿನ ಫೀಡ್ ಪ್ಲಗ್ಗು. ಎಂಜಿನ್ನು ನಿಧಾನವಾಗಿ ನಡೆಯುವಾಗ ಅದನ್ನು ಅರ್ಧ ಬಿಚ್ಚಿದರೆ ಎಣ್ಣೆ ಜಿನುಗಬೇಕು. ಜಿನುಗಿದರೆ ಕಳಿಸುವ ಪಂಪು ಸರಿಯಾಗಿದೆ, ಎಣ್ಣೆ ಮುಚ್ಚಳದವರೆಗೆ ಬಂದಿದೆ. ಇದು ಹೆಚ್ಚು ನಂಬತಕ್ಕ ಸಾಕ್ಷಿ. ಆದರೂ ಬೂಚಿನ ಬಳೆ ಅದರಿಂದಾಚೆಗಿದೆ. ಬಳೆಯಾಚೆಗೆ ಎಣ್ಣೆ ದಾಟಿತೇ ಎಂಬುದಕ್ಕೆ ಹೊರಗಿನಿಂದ ಯಾವ ಸಾಕ್ಷಿಯೂ ಇಲ್ಲ. ಅದಕ್ಕಾಗಿಯೇ ನಾವು ಬಳೆಯನ್ನು ನೋಡಿರಿ ಎನ್ನದೆ ಬದಲಿಸಿರಿ ಎಂದದ್ದು. ಮುಂದೆ ಕಾಣಲಾಗದ್ದನ್ನು ಮುಚ್ಚುವ ಮೊದಲೇ ಸರಿಪಡಿಸಬೇಕು.

ಚೆನ್ನೈಯ ಇನ್ನೊಂದು ಕುಟುಂಬದಲ್ಲಿ ಕಾಲೇಜಿಗೆ ಹೋಗುವ ಮಗಳೇ ಈ ಕೆಲಸ ಹಿಡಿದಳು. ತಾತನವರ ಗಾಡಿ ಅದು. ತಾತನವರಿಗೆ ಎಂಬತ್ತು ದಾಟಿದೆ, ಕಣ್ಣು ಮಂದ. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವರು, ಮೊಮ್ಮಗಳು ಬಿಚ್ಚಿದ ಭಾಗವನ್ನು ಅವರ ಕೈಗಿಟ್ಟು "ತಾತ, ಇದು ಏನು?" ಎಂದು ಕೇಳುವಳು. ಅವರು ಬೆರಳಿನಿಂದ ಸವರಿ ಹೆಸರು ಹೇಳುವರು. ಬಳೆ ಕೈಗೆ ಬಂದಾಗ ಅದು ಒಣ ಅಡಿಕೆಯಂತೆ ಬಿರುಸಾಗಿತ್ತಂತೆ. ಬದಲಿಸಿದರು. ಇಡೀ ಮಳೆಗಾಲ ಹಿಡಿಯಿತು. ಗಾಡಿ ಇಂದಿಗೂ ಓಡುತ್ತಿದೆ.

ಲಕ್ಷಣಗಳನ್ನು ಓದುವ ಬಗೆ

ಗಾಡಿ ಎದ್ದ ಮೇಲೂ ಕೆಲವು ತೊಂದರೆಗಳು ತಲೆದೋರಬಹುದು. ಮುಖ್ಯವಾದವನ್ನು ಇಲ್ಲಿ ಹೇಳುತ್ತೇವೆ.

ಕೆಲವು ದಿನ ನಿಂತಿದ್ದ ಗಾಡಿಯ ತೊಟ್ಟಿಯಲ್ಲಿ ಎಣ್ಣೆ ಕಡಿಮೆ ಕಂಡರೆ ಕೂಡಲೇ ಮೇಲೆ ಹೊಯ್ಯಬಾರದು. ಸವೆದ ಬಿಲ್ಲೆಯ ಸಂದಿನಿಂದ ತೊಟ್ಟಿಯ ಎಣ್ಣೆ ಸಂಪಿಗೆ ಇಳಿದಿರುವುದುಂಟು. ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ನಿಲ್ಲಿಸಿ, ಆಮೇಲೆ ಮಟ್ಟ ನೋಡಬೇಕು. ಇದನ್ನರಿಯದೆ ಹೊಯ್ದವರ ಗಾಡಿಯಲ್ಲಿ ಎಣ್ಣೆ ಹೆಚ್ಚಾಗಿ, ಹೊಗೆಯೂ ಸೋರಿಕೆಯೂ ಒಟ್ಟಿಗೆ ಆರಂಭವಾಗುತ್ತವೆ.

ಸಂಪಿನಲ್ಲಿ ಎಣ್ಣೆ ನಿಲ್ಲುತ್ತಿದೆಯೆಂಬ ಅನುಮಾನ ಬಂದರೆ ಎರಡು ಸಲ ಪರೀಕ್ಷಿಸಿರಿ. ಒಂದು ಸುತ್ತು ಓಡಿಸಿ ಬಂದು ಕೂಡಲೇ ಸಂಪಿನ ಬಿರಡೆ ಬಿಚ್ಚಿ ಅಳೆಯಿರಿ. ಇನ್ನೊಮ್ಮೆ ವಾರವೆಲ್ಲ ನಿಲ್ಲಿಸಿ ಅಳೆಯಿರಿ. ಓಡಿಸಿ ಬಂದ ತಕ್ಷಣವೇ ಬಹಳ ಎಣ್ಣೆ ಬಂದರೆ ಮರಳಿಸುವ ಪಂಪು ಸೋತಿದೆ. ಆಗ ಸ್ವಲ್ಪವೇ ಬಂದು, ನಿಂತ ಮೇಲೆ ಬಹಳ ಬಂದರೆ ಪಂಪು ಸರಿಯಾಗಿದೆ, ಬಿಲ್ಲೆ ಸೋರುತ್ತಿದೆ. ಮೊದಲನೆಯದನ್ನು ಮುಂದಕ್ಕೆ ಹಾಕಬಾರದು. ಎರಡನೆಯದು ಅಪಾಯಕಾರಿಯಲ್ಲ, ಬಹಳ ದಿನ ನಿಂತ ಗಾಡಿಯ ಸಂಪನ್ನು ಇಳಿಸಿ, ಆ ಎಣ್ಣೆಯನ್ನು ಸೋಸಿ ತೊಟ್ಟಿಗೆ ಹೊಯ್ದು ಹೊರಟರಾಯಿತು.

ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಹೊರಡುವಾಗ ಮಾತ್ರ ಬಂದು ಐದು ನಿಮಿಷದಲ್ಲಿ ನಿಂತರೆ ಮೇಲೆ ಹೇಳಿದ ಸಂಪಿನ ಎಣ್ಣೆಯೋ, ವಾಲ್ವಿನ ಪಕ್ಕದಿಂದ ಇಳಿದದ್ದೋ ಇರಬೇಕು. ದಾರಿಯುದ್ದಕ್ಕೂ ಬಂದರೆ ಪಿಸ್ಟನ್ನಿನ ಉಂಗುರಗಳನ್ನು ನೋಡತಕ್ಕದ್ದು.

ಎಲ್ಲ ಸಂದುಗಳಿಂದಲೂ ಎಣ್ಣೆ ಬೆವರಿದರೆ ಗ್ಯಾಸ್ಕೆಟ್ಟುಗಳನ್ನು ಬೈಯುವ ಮೊದಲು ಬ್ರೀದರನ್ನು ನೋಡಿರಿ. ಪಿಸ್ಟನ್ನು ಇಳಿದಾಗ ಒಳಗಿನ ಗಾಳಿ ಹೊರಹೋಗಬೇಕು, ಏರಿದಾಗ ಹೊರಗಿನದು ಒಳಬರಬಾರದು. ಇದಕ್ಕಾಗಿ ಒಂದು ಸಣ್ಣ ಕವಾಟವಿದೆ. ಅದು ಕಟ್ಟಿಕೊಂಡರೆ ಮುಚ್ಚಿದ ಪಾತ್ರೆಯಲ್ಲಿ ಹಬೆ ಕಟ್ಟಿದಂತಾಗಿ ಎಣ್ಣೆ ಸಿಕ್ಕ ಸಂದಿನಲ್ಲಿ ಹೊರಬೀಳುತ್ತದೆ. ಕುಕ್ಕರಿನ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗೆ ಸೋರಿಕೆಯಿಲ್ಲ, ಹೊಗೆಯಿಲ್ಲ, ಆದರೂ ಎಣ್ಣೆ ಕಡಿಮೆಯಾಗುತ್ತಿದ್ದರೆ ಎಡಗಡೆಯ ಪ್ರೈಮರಿ ಚೈನಿನ ಗೂಡನ್ನು ಪರೀಕ್ಷಿಸಿರಿ. ಅದರ ಎಣ್ಣೆಯೇ ಬೇರೆ. ನೀವು ಹೊಯ್ಯದಿದ್ದರೂ ಅಲ್ಲಿಯ ಮಟ್ಟ ಏರಿದ್ದರೆ ನಡುವಿನ ಸೀಲು ಹೋಗಿದೆ. ಎಣ್ಣೆ ಮನೆಯೊಳಗೇ ಕೋಣೆ ಬದಲಿಸಿದೆ.

ಕಾಗದಪತ್ರದ ಮಾತು

ಗಾಡಿ ಸಾಗಿಸುವ ಮೊದಲು ರಿಜಿಸ್ಟ್ರೇಷನ್ ಪುಸ್ತಕವನ್ನು ಹುಡುಕಿರಿ. ಟ್ರಂಕಿನ ತಳ, ದೇವರಮನೆಯ ಮಾಡು, ಹಳೆಯ ವಿಮಾ ಕಾಗದಗಳ ಕಟ್ಟು, ಇವುಗಳಲ್ಲೆಲ್ಲೋ ಇರುತ್ತದೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನಮೂದಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಊರಿನ ಸಾರಿಗೆ ಕಚೇರಿಯ ಒಪ್ಪಿಗೆಪತ್ರವನ್ನು ಹೊರಡುವಾಗಲೇ ಪಡೆಯುವುದು ಲೇಸು. ಆಮೇಲೆ ಅದಕ್ಕಾಗಿಯೇ ರೈಲು ಹತ್ತಬೇಕಾದೀತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ ವಾಹನಗಳಿಗೆಂದು ಕೇಂದ್ರ ಸರಕಾರ 2021ರಲ್ಲಿ ಬೇರೆ ನಿಯಮ ಮಾಡಿದೆ. ಈ ವಿಂಟೇಜ್ ದರ್ಜೆಯಲ್ಲಿ ನಮೂದಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊದಲೇ ನಮೂದಾದ ಗಾಡಿ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ, ಎಂ.ವೈ. ಅಕ್ಷರಗಳ ನಂಬರುಳ್ಳವರು ಇದನ್ನು ಗಮನಿಸಬೇಕು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೂ ಆ ತಗಡು ಹಾಗೆಯೇ ಉಳಿದಿದ್ದರೆ ಅದನ್ನು ಬದಲಿಸುವ ಆತುರ ಬೇಡ. ದೆಹಲಿಯವರು ಮಾತ್ರ ಹಳೆಯ ವಾಹನಗಳ ಮೇಲಿನ ಅಲ್ಲಿನ ನಿರ್ಬಂಧಗಳನ್ನು ವಿಚಾರಿಸದೆ ಗಾಡಿ ತರಿಸಬಾರದು.

ಗುಜರಿಯವನಿಗೆ ಕೊಡುವುದೇ, ಉಳಿಸಿಕೊಳ್ಳುವುದೇ ಎಂಬುದು ನಿಮ್ಮ ಮನೆಯ ವಿಚಾರ. ಅದರಲ್ಲಿ ನಾವು ತಲೆಹಾಕುವುದಿಲ್ಲ. ಸ್ಥಳವಿಲ್ಲದವರು, ಪುರಸೊತ್ತಿಲ್ಲದವರು ಬಲ್ಲವರ ಕೈಗೆ ಮಾರಿದರೂ ತಪ್ಪಿಲ್ಲ. ಉಳಿಸಿಕೊಳ್ಳುವೆವೆಂದವರು ಮಾತ್ರ ಗಾಡಿ ಲಾರಿಯಿಂದ ಇಳಿದ ದಿನವೇ ಅದರ ಸದ್ದು ಕೇಳುವ ಆಸೆಯನ್ನು ಅದುಮಿಟ್ಟುಕೊಳ್ಳಬೇಕು. ಅಷ್ಟು ವರ್ಷ ಸುಮ್ಮನೆ ನಿಂತದ್ದು ಇನ್ನೊಂದು ತಿಂಗಳು ನಿಂತರೆ ಕೆಡುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಇದೇ ಗಾಡಿಯ ಮ್ಯಾಗ್ನೆಟೋ, ಡೈನಮೋ ಮೊದಲಾದ ವಿದ್ಯುತ್ತಿನ ಭಾಗಗಳ ವಿಚಾರ ಬರೆಯುವೆವು. ಪ್ರಶ್ನೆ ಕೇಳುವವರು ಗಾಡಿ ಯಾವ ವರ್ಷದ್ದು, ಎಷ್ಟು ಕಾಲ ನಿಂತಿತ್ತು, ಸಂಪಿನಿಂದ ಎಷ್ಟು ಎಣ್ಣೆ ಇಳಿಯಿತು ಎಂಬ ಮೂರು ವಿವರಗಳನ್ನು ತಪ್ಪದೆ ಬರೆದು ಸಂಘದ ವಿಳಾಸಕ್ಕೆ ಕಳಿಸಬೇಕಾಗಿ ವಿನಂತಿ.